ಇಳಿಜಾರು ಮತ್ತು ಹೊಳ್ಳರ ಪೆಟ್ರೋಲು

ಸಾಲಿಗ್ರಾಮದ ವೈಕುಂಠ ಹೊಳ್ಳರು ಅಡುಗೆಗೆ ನಿಂತರೆ ಎಂಥ ಸಮಾರಂಭದಲ್ಲೂ ಒಂದು ಸೌಟು ಹುಳಿ ಹೆಚ್ಚಾಗುವುದಿಲ್ಲ, ಒಂದು ಎಲೆಗೆ ಕಡಿಮೆಯೂ ಬೀಳುವುದಿಲ್ಲ. ಸೌದೆಯ ವಿಷಯದಲ್ಲಂತೂ ಅವರದು ಒಂದೇ ಮಂತ್ರ. ಹುಳಿ ಮುಕ್ಕಾಲು ಬೆಂದಿತೋ, ಕೊಳ್ಳಿ ಎಳೆದುಬಿಡಿ, ಉಳಿದದ್ದು ಪಾತ್ರೆಯ ಬಿಸಿಗೇ ಬೇಯುತ್ತದೆ. ಒಲೆಯ ಮಟ್ಟಿಗೆ ಮಂತ್ರ ಸರಿಯೇ. ಆದರೆ ಮಹಾರಾಯರು ಅದನ್ನು ಕಾರಿಗೂ ಉಪದೇಶ ಮಾಡಿದರು. ಅವರ ಹೆಂಡತಿ ಸುಗುಣಾಳ ಎದೆಬಡಿತ ಶುರುವಾದದ್ದು ಅಲ್ಲಿಂದ.

ಇಳಿಜಾರು ಕಂಡರೆ ಸಾಕು, ಹೊಳ್ಳರು ಕೀಲಿಯನ್ನು ಹಿಂದಕ್ಕೆ ತಿರುಗಿಸಿ ಇಂಜಿನ್ ಬಂದ್ ಮಾಡುತ್ತಿದ್ದರು. “ಎಳ್ದೆ ಕಾಣ್ ಕೊಳ್ಳಿ!” ಎನ್ನುವಾಗ ಅವರ ಮುಖದಲ್ಲಿ ಯಜ್ಞ ಮುಗಿಸಿದ ತೃಪ್ತಿ. ಕಾರು ಸದ್ದಿಲ್ಲದೆ ಜಾರುತ್ತಿತ್ತು, ಪಕ್ಕದಲ್ಲಿ ಸುಗುಣಾ ಊರ ದೇವರು ಗುರುನರಸಿಂಹನನ್ನು ನೆನೆಯುತ್ತಿದ್ದಳು. ಇಷ್ಟೆಲ್ಲ ಉಳಿತಾಯ ಮಾಡುವ ಮನುಷ್ಯ ಟಯರಿಗೆ ಗಾಳಿ ಹಾಕಿಸುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ಮುನ್ನಾದಿನ. ಡಿಕ್ಕಿಯಲ್ಲಿ ಕೆಲಸವಿರಲಿ ಬಿಡಲಿ ಕಬ್ಬಿಣದ ಒಲೆ, ತಾಮ್ರದ ಹಂಡೆ. ಇಳಿಸಿ ಏರಿಸುವವರು ಯಾರು ಎಂಬ ಸೋಮಾರಿತನ. ಹೇಳಲು ಹೋದರೆ ಕೋಣನ ಮುಂದೆ ಕಿನ್ನರಿ.

ಸುಗುಣಾ ಮಗ ಹೃಷಿಕೇಶನ ಬೆಂಬಲದಿಂದ ಕೋಟೇಶ್ವರದ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಕಲಿಸಿದ ಕುಸುಮಾವತಿ ಟೀಚರು ಗಾಳಿ, ಆಯಿಲ್, ಬ್ರೇಕು ಎಲ್ಲವನ್ನೂ ತಿಳಿಸಿಯೇ ಸ್ಟೇರಿಂಗ್ ಹಿಡಿಸಿದ್ದರು. ಸುಗುಣಾಳ ಆಸೆ ದೊಡ್ಡದೇನೂ ಅಲ್ಲ. ತಂಗಿ ಪದ್ದು ಇರುವುದು ಕೊಕ್ಕರ್ಣೆಯಲ್ಲಿ. ಮಂಡಿನೋವಿನ ಪದ್ದು ಬಸ್ಸು ಹತ್ತಲಾರಳು. ಅಕ್ಕತಂಗಿ ಸಿಗುವುದು ಮದುವೆಯಲ್ಲೋ ಸತ್ತವರ ಬೊಜ್ಜದಲ್ಲೋ, ಅದೂ ನೆಂಟರ ಗದ್ದಲದಲ್ಲಿ. ಅಡುಗೆಯ ಕರೆ ಇಲ್ಲದ ದಿನ ಅಂಗಳದಲ್ಲಿ ಸುಮ್ಮನೆ ನಿಂತ ಕಾರನ್ನು ತಾನೇ ಬಿಟ್ಟುಕೊಂಡು ಹೋಗಿ, ತಂಗಿಯ ಜಗಲಿಯಲ್ಲಿ ಸಂಜೆಯವರೆಗೆ ಕೂತು ಬರಬೇಕು. ಅಷ್ಟೇ.

“ನಿನ್ನ ಕೈಗೆ ಕೊಟ್ರೆ ಟ್ಯಾಂಕಿಗೆ ತೂತ್ ಹೊಡ್ದಂಗೆ,” ಎನ್ನುತ್ತಿದ್ದರು ಹೊಳ್ಳರು. “ಪೆಟ್ರೋಲ್ ಉಳ್ಸುದ್ ಒಂದ್ ವಿದ್ಯೆ, ಹೆಣೆ. ನಿಂಗೆ ಅದ್ ಬತ್ತಿಲ್ಲೆ.”

ಸುಗುಣಾಳಿಗೆ ಉರಿಯುತ್ತಿತ್ತು. ಆದರೂ ನುಂಗಿಕೊಳ್ಳುತ್ತಿದ್ದಳು.

ಆ ದಿನ ಶಂಕರನಾರಾಯಣದ ಹತ್ತಿರ ಒಂದು ಉಪನಯನದ ಅಡುಗೆ. ಹೋಳಿಗೆಗೆ ಕೈಜೋಡಿಸಲು ಸುಗುಣಾಳೂ ಹೋಗಿದ್ದಳು. ಮಧ್ಯಾಹ್ನದ ಪಂಕ್ತಿಗಳು ಮುಗಿದು ಹೊರಟಾಗ ಮನೆಯವರು ಪ್ರೀತಿಯಿಂದ ಒಂದು ಕೊಳಗ ಕಡ್ಲೆಬೇಳೆ ಪಾಯಸ ಕೊಟ್ಟರು. ಹೊಳ್ಳರು ಅದನ್ನು ಹಿಂದಿನ ಸೀಟಿನಲ್ಲಿ ಇಟ್ಟರು. ಸ್ವಲ್ಪ ದೂರದಲ್ಲೇ ದೊಡ್ಡ ಇಳಿಜಾರು ಬಂತು.

“ಎಳ್ದೆ ಕಾಣ್ ಕೊಳ್ಳಿ!”

ಕಾರು ಜಾರಿತು. ತಿರುವಿನಲ್ಲಿ ಎರಡು ದನಗಳು ರಸ್ತೆಯ ನಡುವೆ ನಿಂತು ಮಾತುಕತೆಯಲ್ಲಿದ್ದವು. ಹೊಳ್ಳರು ಬ್ರೇಕು ಒತ್ತಿದರು, ವೇಗ ತುಸು ಇಳಿಯಿತು. ಬಿಟ್ಟು ಮತ್ತೆ ಒತ್ತಿದರು. ಮೂರನೆಯ ಸಲಕ್ಕೆ ಪೆಡಲು ಕಲ್ಲಾಯಿತು. ಇಂಜಿನ್ ಆರಿದ ಮೇಲೆ ಬ್ರೇಕಿಗೆ ಬಲ ಎಲ್ಲಿಂದ? ಸ್ಟೇರಿಂಗೂ ಬಿಗಿದುಕೊಂಡಿತು.

“ಬ್ರೇಕ್ ಇಲ್ಲೆ! ಸುಗುಣಾ, ಬ್ರೇಕ್ ಇಲ್ಲೆ!”

ಸುಗುಣಾ ದೇವರನ್ನು ಕರೆಯಲಿಲ್ಲ. ನಡುವಿನ ಹ್ಯಾಂಡ್‌ಬ್ರೇಕನ್ನು ಬಾವಿಯ ಹಗ್ಗ ಎಳೆದಂತೆ ಹಿಡಿಹಿಡಿದು ಎಳೆದಳು. ಹೊಳ್ಳರು ಎರಡೂ ಕೈಯಲ್ಲಿ ಸ್ಟೇರಿಂಗ್ ತಿರುವಿದರು. ದನಗಳು ಬದುಕಿದವು. ಕಾರು ರಸ್ತೆ ಇಳಿದು, ಪಕ್ಕದಲ್ಲಿ ಎತ್ತರಕ್ಕೆ ಒಟ್ಟಿದ್ದ ಬೈಹುಲ್ಲಿನ ಕುತ್ರೆಗೆ ಮೂತಿ ತೂರಿಸಿ ನಿಂತಿತು. ಹಿಂದಿನಿಂದ ಕೊಳಗ ಮಗುಚಿ, ಬೆಚ್ಚಗಿನ ಪಾಯಸ ಹೊಳ್ಳರ ಕುತ್ತಿಗೆಯಿಂದ ಜನಿವಾರದ ಗುಂಟ ಕೆಳಗಿಳಿಯಿತು.

ಹುಲ್ಲಿನ ಯಜಮಾನ ಮಂಜ ಓಡಿಬಂದ. ಹೊಳ್ಳರ ಪೆಟ್ರೋಲು ಉಳಿತಾಯ ಸುತ್ತಲಿನ ಊರಿಗೆಲ್ಲ ಗೊತ್ತಿದ್ದದ್ದೇ. ಇಬ್ಬರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಅವನ ಬಾಯಿ ಸುಮ್ಮನಿರಲಿಲ್ಲ.

“ಹ್ವಾಯ್ ಹೊಳ್ರೆ, ಪೆಟ್ರೋಲ್ ಉಳ್ಸುಕೆ ಕಾರಿಗೆ ಹುಲ್ಲ್ ಹಾಕುಕ್ ಶುರು ಮಾಡಿರ್ಯಾ?”

ಬೇರೆ ದಿನವಾಗಿದ್ದರೆ ಹೊಳ್ಳರು ಎರಡು ಮಾತು ತಿರುಗಿಸಿ ಕೊಡುತ್ತಿದ್ದರು. ಈಗ ಅವರು ನಿಂತ ಕಾರಿನ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದರು. ಅದನ್ನು ಕಂಡು ಸುಗುಣಾಳ ಸಿಟ್ಟೆಲ್ಲ ಇಳಿದುಹೋಯಿತು. ಮುಂಗೋಪಿ, ಜುಗ್ಗ, ಹಟಮಾರಿ, ಎಲ್ಲ ಹೌದು. ಆದರೂ ಅವಳಿಗೆ ಬೇಕಾದ ಮನುಷ್ಯ. ಸೆರಗಿನಿಂದ ಅವರ ಕುತ್ತಿಗೆ ಒರೆಸಿದಳು.

“ಈಚೆ ಬನಿ. ನಾ ಬಿಡ್ತೆ.”

ಮಂಜ ಕಾರನ್ನು ಹಿಂದಕ್ಕೆ ನೂಕಿಕೊಟ್ಟ. ಸುಗುಣಾ ಬಗ್ಗಿ ಅಡಿಯಲ್ಲಿ ಏನಾದರೂ ಸೋರುತ್ತಿದೆಯೇ ಎಂದು ನೋಡಿದಳು, ಮೂತಿಯ ಜಾಲರಿಗೆ ಸಿಕ್ಕ ಹುಲ್ಲನ್ನೆಲ್ಲ ಕಿತ್ತಳು, ಟಯರುಗಳನ್ನು ಒತ್ತಿ ನೋಡಿ ಮೂಗು ಮುರಿದಳು. ಇಂಜಿನ್ ಹಚ್ಚಿ ಬ್ರೇಕು ಒತ್ತಿದಳು. ಮೊದಲಿನಂತೆ ಮೆತ್ತಗಾಗಿತ್ತು. ಹೊರಟಳು.

ಮುಂದಿನ ಇಳಿಜಾರಿನಲ್ಲಿ ಹೊಳ್ಳರ ಕೈ ಅಭ್ಯಾಸಬಲದಿಂದ ಕೀಲಿಯತ್ತ ಚಾಚಿತು. ಸುಗುಣಾ ಪಟ್ಟನೆ ಒಂದು ಏಟು ಕೊಟ್ಟಳು.

“ಹಂಗಾರೆ ಪೆಟ್ರೋಲ್ ಹೋತ್ತಲ್ದಾ?” ಹೊಳ್ಳರ ದನಿ ಸಣ್ಣದಾಗಿತ್ತು.

“ಗೇರಲ್ಲೇ ಇಟ್ಕಂಡ್ ಎಕ್ಸಿಲೇಟರಿಂದ ಕಾಲ್ ತೆಗ್ದ್ರೆ ಆಯ್ತ್. ಈಗಿನ್ ಗಾಡಿ ತನ್ನಷ್ಟಕ್ಕೇ ಪೆಟ್ರೋಲ್ ನಿಲ್ಸುತ್ತ್. ಬ್ರೇಕೂ ಇರತ್ತ್, ಜೀವವೂ ಇರತ್ತ್. ನಿಮ್ಮ ಹಂಡೆ ಒಲೆ ಮನೇಲ್ ಇಳ್ಸಿ, ಟಯರಿಗೆ ಗಾಳಿ ಹಾಕ್ಸಿ. ಉಳಿತಾಯ ಅಂದ್ರೆ ಅದ್.”

ಹೊಳ್ಳರು ಏಟು ತಿಂದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಅವಳ ಕಾಲನ್ನೇ ನೋಡುತ್ತ ಕೂತರು. ಎಲ್ಲಿಯೂ ಗಕ್ಕನೆ ಒತ್ತುವುದಿಲ್ಲ, ಎಲ್ಲಿಯೂ ಗಕ್ಕನೆ ಬಿಡುವುದಿಲ್ಲ. ಎದುರಿನ ಬಸ್ಸು ನಿಲ್ಲುತ್ತದೆಂದು ಮೊದಲೇ ತಿಳಿದು ನಿಧಾನ ಮಾಡುತ್ತಾಳೆ. ಕೊಕ್ಕರ್ಣೆಗೆ ತಿರುಗುವ ಕವಲಿನ ಹತ್ತಿರ ಬಂದಾಗ ಸುಗುಣಾ ಮನೆಯ ಕಡೆಗೇ ಇಂಡಿಕೇಟರ್ ಹಾಕಿದಳು.

“ಹೆಣೆ, ಆಚೆ ತಿರ್ಗ್ಸ್,” ಎಂದರು ಹೊಳ್ಳರು. “ಪದ್ದು ಮನೀಗ್ ಹೋಪ.”

“ಸುತ್ತ್ ಆತ್ತ್. ಪೆಟ್ರೋಲ್?”

“ಹಾಕ್ಸುವ.”

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಇಷ್ಟು ಸಿಹಿಯಾದ ಮಾತನ್ನು ಸುಗುಣಾ ಕೇಳಿರಲಿಲ್ಲ. ರಸ್ತೆ ಮಂಜಾಯಿತು. ರೆಪ್ಪೆ ಬಡಿದು ಕಣ್ಣು ಸರಿಮಾಡಿಕೊಂಡು ತಿರುಗಿಸಿದಳು.

ಕಾರಿನ ಸದ್ದಿಗೆ ಪದ್ದು ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು. ಸ್ಟೇರಿಂಗಿನ ಹಿಂದೆ ಕೂತ ಅಕ್ಕನನ್ನೂ, ಮೈಯೆಲ್ಲ ಪಾಯಸ ಮೆತ್ತಿಕೊಂಡ ಭಾವನನ್ನೂ ನೋಡಿ ಅವಳಿಗೆ ಯಾರನ್ನು ಮೊದಲು ಕೇಳಬೇಕೆಂದು ತೋಚಲಿಲ್ಲ.

“ಭಾವ, ಎಂತ ಆಯ್ತ್ ಮಾರಾಯ್ರೆ?”

“ಅದೆಲ್ಲ ನಿನ್ನಕ್ಕ ಹೇಳ್ತ್ಳ್. ನಂಗೆ ಸ್ನಾನಕ್ಕೆ ನೀರ್ ಕೊಡ್,” ಎಂದು ಹೊಳ್ಳರು ಕಾರಿನಿಂದ ಇಳಿದರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. “ಮತ್ತೆ ಕಾಣ್ ಪದ್ದು, ಬಪ್ಪ ವಾರ ನನ್ನ ಕಾಯ್ಬೇಡ. ಅವ್ಳೊಬ್ಳೇ ಬತ್ಳ್.”