ಬಿಲ್ಲಣ್ಣನ ಚಿತ್ರದ ಕೀಬೋರ್ಡ್

ಅಂಗಿಯ ನಾಲ್ಕನೇ ಗುಂಡಿಗೆ ಬರುವಷ್ಟರಲ್ಲಿ ಟೀಚರಮ್ಮನ ಕೈ ನಿಂತಿತು. ಹೊಟ್ಟೆಯ ಹತ್ತಿರ ಬಟ್ಟೆ ಸಾಲುತ್ತಿರಲಿಲ್ಲ. “ಸ್ವಲ್ಪ ಉಸಿರೆಳ್ಕೊಳ್ಳಿ” ಎಂದು ರೂಢಿಯಂತೆ ಬಾಯಿಗೆ ಬಂದ ಮಾತನ್ನು ಅಲ್ಲೇ ನುಂಗಿಕೊಂಡಳು. ಇಪ್ಪತ್ತೊಂಬತ್ತು ವರ್ಷ, ಇಬ್ಬರೂ ಎಲ್ಲಿಗೆ ಹೊರಟರೂ, ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದ ಮಾತು ಅದು.

“ಬಿಟ್ಟುಬಿಡು ಕಣೇ. ಮೇಲೆ ಹಾರ ಬರುತ್ತೆ, ಯಾರಿಗೂ ಕಾಣಲ್ಲ,” ಎಂದಳು ಗಂಡನ ಅಕ್ಕ. ಅವಳು ತಮ್ಮನ ಕಾಲ ಬಳಿ ಕೂತು ಕಾಲುಚೀಲ ತೊಡಿಸುತ್ತಿದ್ದಳು.

“ನನಗೆ ಕಾಣುತ್ತಲ್ಲ ಅಕ್ಕಾ.”

ಕತ್ತರಿ ತಂದು, ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಅಂಗಿಯನ್ನು ಬೆನ್ನಿನುದ್ದಕ್ಕೂ ಸೀಳಿದಳು. ಆಮೇಲೆ ಗುಂಡಿಗಳೆಲ್ಲ ಒಂದೂ ಹಟ ಮಾಡದೆ ಕೂತವು. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ಹಾಗೆಯೇ ಕುಸಿದಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಐವತ್ತೇಳು ಸಾಯುವ ವಯಸ್ಸಲ್ಲ ಎಂದು ನಿನ್ನೆಯಿಂದ ಬಂದವರೆಲ್ಲ ಹೇಳುತ್ತಿದ್ದರು, ಸಾವಿಗೆ ಯಾರೋ ತಪ್ಪು ವಿಳಾಸ ಕೊಟ್ಟಂತೆ.

ಹೊರಗೆ ಗೇಟು ಕಿರುಗುಟ್ಟಿತು. ಹಾರ್ಡ್‌ವೇರ್ ಅಂಗಡಿಯವರು ಬಂದರು. ಮುಂದೆ ಯಜಮಾನರು, ಅವರ ದಪ್ಪ ಮೀಸೆ. ಹಿಂದೆ ಮೂಟೆ ಹೊರುವವರಿಬ್ಬರು. ಯಜಮಾನರು ಹಾರವಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಕರ್ಚೀಫಿನಿಂದ ಮೂಗೊರೆಸಿಕೊಂಡರು.

“ಇಪ್ಪತ್ನಾಲ್ಕು ವರ್ಷ ಟೀಚರಮ್ಮ. ಬಿಲ್ ಹಾಕೋ ಕೌಂಟರಲ್ಲಿ ಕೂತೂ ಕೂತೂ ಊರಿಗೆಲ್ಲ ಬಿಲ್ಲಣ್ಣ ಆಗ್ಬಿಟ್ಟ. ಇನ್ನು ಅಲ್ಲಿ ಯಾರನ್ನ ಕೂರಿಸ್ಲಿ? ಅವನ ಕೀಬೋರ್ಡ್ ನೋಡೋಕೇ ಜನ ಬರ್ತಿದ್ರು! ಒಂದು ಅಕ್ಷರ ಇಲ್ಲ, ಬರೀ ಚಿತ್ರ. ನಲ್ಲಿ ಬೇಕಾ, ನಲ್ಲಿ ಒತ್ತು. ಬೀಗ ಬೇಕಾ, ಬೀಗ ಒತ್ತು. ಕೆಲ್ಸ ಬೇಗ ಆಗುತ್ತೆ ಅಂತ ಅವನೇ ತಲೆ ಓಡಿಸಿ ಮಾಡಿಸಿದ್ದು. ರಿಯಾಯ್ತಿ ಕೀ ಮೇಲೆ ಏನಿದೆ ಗೊತ್ತಾ? ನನ್ನ ಮೀಸೆ!”

ಮೂಟೆಯವರು ಕಿಸಕ್ಕೆಂದು ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ತಲೆ ತಗ್ಗಿಸಿದರು. ಟೀಚರಮ್ಮ ಗೊತ್ತಿದ್ದವಳಂತೆ ತಲೆಯಾಡಿಸಿದಳು. ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವನು ಅಂಥ ಕೀಬೋರ್ಡಿನ ಸುದ್ದಿಯನ್ನೇ ಎತ್ತಿರಲಿಲ್ಲ.

ಗಂಡನ ಅಕ್ಕ ಪಕ್ಕಕ್ಕೆ ಬಂದು ಕಿವಿ ಕಚ್ಚಿದಳು. “ಅವಳೂ ಬಂದಿದಾಳೆ. ಗೇಟಿನ ಹತ್ರ ನಿಂತಿದಾಳೆ ನೋಡು, ಒಳಗೆ ಬರೋಕೆ ಮುಖ ಇಲ್ಲ.”

ಕಿಟಕಿಯಿಂದ ಕಂಡಳು. ಅಂಗಡಿಯಲ್ಲಿ ಪೇಂಟು ಬೆರೆಸುವ ಹೆಂಗಸು, ಎಲ್ಲರ ಬಾಯಲ್ಲಿ ಬಣ್ಣದಕ್ಕ. ನಲವತ್ತರ ಆಸುಪಾಸು. ಗೇಟಿನ ಸರಳು ಹಿಡಿದ ಉಗುರುಗಳ ಸುತ್ತ ತೊಳೆದರೂ ಹೋಗದ ನೀಲಿ. ಸದ್ದು ಹೊರಡದಂತೆ ತುಟಿ ಕಚ್ಚಿ ಅಳುತ್ತಿದ್ದಳು. ಸ್ವಂತ ಮನುಷ್ಯ ಹೋದವರು ಮಾತ್ರ ಹಾಗೆ ಅಳುತ್ತಾರೆ.

*

ಎರಡು ವರ್ಷದ ಹಿಂದಿನವರೆಗೂ ಆ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅವನ ಓದಿನಿಂದ. ಟೀಚರಮ್ಮ ಒಲೆಯ ಮುಂದೆ. ಅವನು ಅಡುಗೆಮನೆಯ ಹೊಸ್ತಿಲಲ್ಲಿ ಮಣೆ ಹಾಕಿಕೊಂಡು ಪೇಪರ್ ಬಿಡಿಸಿದನೆಂದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದು. ಮಂತ್ರಿಯ ಭಾಷಣಕ್ಕೆ ಮಂತ್ರಿಯದೇ ದನಿ, ಕಳ್ಳತನದ ಸುದ್ದಿಗೆ ಕಳ್ಳನ ಪಿಸುಮಾತು. ನಡುವೆ ಮುದ್ರಣದ ತಪ್ಪು ಸಿಕ್ಕರೆ ಇಬ್ಬರಿಗೂ ಹಬ್ಬ. “ನೋಡೇ, ‘ಸಚಿವರು ಹಸಿದರು’ ಅಂತ ಹಾಕಿದಾರೆ, ಹರಸಿದ್ದಂತೆ ಪಾಪ.” ಅವಳು ಸೌಟು ಹಿಡಿದುಕೊಂಡೇ ನಗುತ್ತಿದ್ದಳು. ಮಕ್ಕಳಾಗಿರಲಿಲ್ಲ. ಮನೆ ತುಂಬಲು ಆ ಸದ್ದು ಸಾಕಾಗಿತ್ತು.

ಒಂದು ದಿನ ಅದು ನಿಂತುಹೋಯಿತು.

“ಯಾಕೆ, ಓದಲ್ವಾ?”

“ಪೇಪರಲ್ಲಿ ಏನಿದೆ, ಮಣ್ಣು.”

ಪೇಪರನ್ನು ಮಾತ್ರ ಬಿಡಲಿಲ್ಲ. ಮುಖದ ಮುಂದೆ ಹಿಡಿದು, ಹೊತ್ತು ನೋಡಿ ಪುಟ ತಿರುವುತ್ತಿದ್ದ. ತೊಡೆಯ ಮೇಲೆ ಬೆರಳು ಸದಾ ಏನನ್ನೋ ಗೀಚುತ್ತಿತ್ತು. “ಏನ್ರೀ ಅದು, ನಮ್ಮ ಸ್ಕೂಲ್ ಮಕ್ಕಳ ಹಾಗೆ,” ಎಂದು ಅವಳು ಗದರಿದ ಮೇಲೆ ಕೈಯನ್ನು ಪೇಪರಿನ ಮರೆಗೆ ತೆಗೆದುಕೊಂಡ.

ಅವಳು ಕಾದಳು, ಮುನಿದಳು, ಕೊನೆಗೆ ಒಲೆಯ ಪಕ್ಕ ರೇಡಿಯೋ ತಂದಿಟ್ಟುಕೊಂಡಳು. ಆಗಲೇ ಗಂಡನ ಅಕ್ಕ ಆ ಮಾತನ್ನು ತಂದದ್ದು: ದಿನಾ ಮಧ್ಯಾಹ್ನ ಗೋಡೌನಿನಲ್ಲಿ ಪೇಂಟಿನ ಡಬ್ಬಗಳ ಹಿಂದೆ ಅವನೂ ಆ ಬಣ್ಣದವಳೂ ಒಟ್ಟಿಗೆ ಕೂರುತ್ತಾರಂತೆ. ಟೀಚರಮ್ಮ ಗಂಡನನ್ನು ಕೇಳಲಿಲ್ಲ. ಕೇಳಿ, ಅವನು ಹೌದೆಂದುಬಿಟ್ಟರೆ?

*

ಚಿತಾಗಾರದಲ್ಲಿ, ಒಂದೂವರೆ ಗಂಟೆ ಕಾಯಬೇಕು ಎಂದರು. ಗಂಡಸರು ಗಾಡಿಯ ಹತ್ತಿರ ಗುಂಪುಗಟ್ಟಿದರು. ತಗಡಿನ ಚಾವಣಿಯಡಿ ಸಿಮೆಂಟಿನ ಬೆಂಚುಗಳಿದ್ದವು. ಎಲ್ಲಕ್ಕಿಂತ ಕೊನೆಯದರಲ್ಲಿ ಬಣ್ಣದಕ್ಕ ಒಬ್ಬಳೇ ಕೂತಿದ್ದಳು.

“ಎಲ್ಲಿಗೇ?” ಎಂದು ಗಂಡನ ಅಕ್ಕ ಸೆರಗು ಹಿಡಿದಳು. “ಇವತ್ತು ಬೇಡ, ನನ್ನ ಮಾತು ಕೇಳು.”

“ಇವತ್ತಲ್ಲದೆ ಇನ್ಯಾವತ್ತು ಅಕ್ಕಾ?”

ಟೀಚರಮ್ಮ ಹೋಗಿ ಅದೇ ಬೆಂಚಿನಲ್ಲಿ ಕೂತಳು. ಬಣ್ಣದಕ್ಕ ಎದ್ದು ನಿಲ್ಲಹೋದಳು.

“ಕೂತ್ಕೊಳ್ಳಿ. ಒಂದೇ ಮಾತು ಕೇಳ್ತೀನಿ. ಸತ್ತವರು ಒಳಗಿದಾರೆ, ಸುಳ್ಳು ಹೇಳ್ಬೇಡಿ. ಮಧ್ಯಾಹ್ನ ನೀವಿಬ್ರೂ ಏನ್ ಮಾಡ್ತಿದ್ರಿ?”

ಬಣ್ಣದಕ್ಕ ಉಗುರಿನ ನೀಲಿಯನ್ನು ಕೆರೆದಳು.

“ಆಣೆ ಹಾಕಿಸ್ಕೊಂಡಿದ್ರು ಟೀಚರಮ್ಮ.”

“ಹಾಕಿಸ್ಕೊಂಡವರೇ ಹೋದ್ರಲ್ಲ.”

“ಪೇಪರ್ ಓದ್ತಿದ್ವಿ,” ಎಂದಳು. “ಅಣ್ಣಂಗೆ ಓದೋಕೆ ಬರ್ತಿರ್ಲಿಲ್ಲ.”

*

ಅದು ನಡೆದದ್ದು ಎರಡು ವರ್ಷದ ಹಿಂದೆ, ಟೀಚರಮ್ಮ ಶಾಲೆಯ ಮಕ್ಕಳ ಜೊತೆ ಎರಡು ದಿನದ ಪ್ರವಾಸ ಹೋಗಿದ್ದಾಗ. ಬೆಳಿಗ್ಗೆಯಿಂದ ತಲೆನೋವು ಎನ್ನುತ್ತಿದ್ದ ಬಿಲ್ಲಣ್ಣ ಒಂದು ಬಿಲ್ಲನ್ನು ಹರಿದು ಗಿರಾಕಿಗೆ ಕೊಡಹೋದವನು ಅದನ್ನೇ ದಿಟ್ಟಿಸಿ ನಿಂತ. ಅಂಕಿಗಳೆಲ್ಲ ಅಂಕಿಗಳಾಗಿಯೇ ಇದ್ದವು. ಅಕ್ಷರಗಳಿದ್ದ ಕಡೆ ಮಾತ್ರ ಇರುವೆ ಮುತ್ತಿದಂತೆ ಕಂಡಿತು. ಪ್ರಿಂಟರನ್ನು ಬೈದ. ಕನ್ನಡಕ ಒರೆಸಿದ. ತಲೆಯೆತ್ತಿ ಎದುರಿನ ಅಂಗಡಿಯ ಬೋರ್ಡು ನೋಡಿದರೆ ಅಲ್ಲೂ ಇರುವೆ. ಒಂದು ಚೀಟಿ ಎಳೆದುಕೊಂಡು ತನ್ನ ಹೆಸರು ಬರೆದ. ಕೈ ತಡವರಿಸದೆ, ಎಂದಿನ ದುಂಡು ಅಕ್ಷರದಲ್ಲೇ ಬರೆಯಿತು. ಬರೆದದ್ದನ್ನು ಪೇಂಟಿನ ಕೌಂಟರಿಗೆ ಒಯ್ದು, “ಇದೇನು ಬರ್ದಿದೀನಿ ನೋಡಮ್ಮ,” ಎಂದು ಬಣ್ಣದಕ್ಕನನ್ನು ಕೇಳಿದ.

ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಮೆದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ, ಕಣ್ಣು ಸರಿಯಿದೆ, ಬರೆಯುವುದೂ ಸರಿಯಿದೆ, ಓದುವ ಜಾಗ ಮಾತ್ರ ಹೋಗಿದೆ ಎಂದರು ಡಾಕ್ಟರು. ಕಣ್ಣು ಮರೆತರೂ ಬೆರಳಿಗೆ ನೆನಪಿರುತ್ತದೆ, ಅಕ್ಷರದ ಜಾಡಿನಲ್ಲಿ ಬೆರಳಾಡಿಸಿ ಗುರುತು ಹಿಡಿಯಿರಿ, ನಿಧಾನಕ್ಕೆ ಒಂದಿಷ್ಟು ಬಂದೀತು ಎಂದರು.

ಅಂಗಡಿಯಲ್ಲಿ ಗೊತ್ತಾದರೆ ಕೆಲಸ ಹೋದಂತೆಯೇ. ಇಬ್ಬರೂ ಕಂಪ್ಯೂಟರ್ ರಿಪೇರಿಯವನನ್ನು ಹಿಡಿದು, ಪಾರದರ್ಶಕ ಮುಚ್ಚಳದ ಕೀಗಳಿರುವ ದೊಡ್ಡದೊಂದು ಕೀಬೋರ್ಡ್ ತರಿಸಿದರು. ಯಾವ ಕೀ ಒತ್ತಿದರೆ ಯಾವ ಸಾಮಾನು ಬರಬೇಕೆಂದು ಅವನಿಂದಲೇ ಜೋಡಣೆ ಮಾಡಿಸಿಕೊಂಡರು. ಬಣ್ಣದಕ್ಕ ಉಗುರಗಲದ ಕಾಗದಗಳ ಮೇಲೆ ತೆಳು ಬ್ರಷ್ಷಿನಿಂದ ಒಂದೊಂದೇ ಚಿತ್ರ ಬರೆದು ಮುಚ್ಚಳದಡಿ ಇಟ್ಟಳು. ನಲ್ಲಿ, ಬೀಗ, ಚಿಲಕ, ಸುತ್ತಿಗೆ. ಸಣ್ಣ ಮೊಳೆಯ ಪಕ್ಕ ಇರುವೆ, ದೊಡ್ಡ ಮೊಳೆಯ ಪಕ್ಕ ಆನೆ. ಹದಿನೈದು ದಿನಕ್ಕೆ ಬಿಲ್ಲಣ್ಣನ ಬೆರಳು ಮೊದಲಿಗಿಂತ ಚುರುಕಾಗಿ ಓಡಿತು. ಯಜಮಾನರು ಕಂಡವರಿಗೆಲ್ಲ ಅದನ್ನು ತೋರಿಸಿ ಬೀಗಿದರು.

*

“ನಾನು ಒಂದನೇ ಕ್ಲಾಸಿನ ಟೀಚರು,” ಎಂದಳು ಟೀಚರಮ್ಮ. “ಮೂವತ್ತೊಂದು ವರ್ಷದಿಂದ ಊರ ಮಕ್ಕಳಿಗೆಲ್ಲ ಕೈ ಹಿಡಿದು ತಿದ್ದಿಸ್ತಿದೀನಿ. ಮನೇಲಿ ನಾನಿದ್ದೆ. ನಿಮ್ಮ ಹತ್ರ ಬರ್ಬೇಕಿತ್ತಾ?”

“ನಾನೂ ಅದನ್ನೇ ಕೇಳ್ದೆ. ‘ಅವಳು ನನ್ನನ್ನ ಒಪ್ಕೊಂಡಿದ್ದೇ ನನ್ನ ಓದು ಕೇಳಿ ಕಣಮ್ಮ, ಅವಳ ಮುಂದೆ ಸ್ಲೇಟ್ ಹಿಡಿಯೋಕೆ ಆಗಲ್ಲ’ ಅಂದ್ರು.”

“ಮಾತ್ರೆ ಕೊಟ್ಟಿದ್ರಾ ಡಾಕ್ಟರು?”

“ಕೊಟ್ಟಿದ್ರು. ಅಂಗಡೀಲಿಟ್ಟು ದಿನಾ ನುಂಗ್ತಿದ್ರು, ನಾನೇ ಜ್ಞಾಪಿಸ್ತಿದ್ದೆ. ಒಂದು ದಿನಾನೂ ತಪ್ಪಿಸಿಲ್ಲ ಟೀಚರಮ್ಮ, ನನ್ನ ಮಕ್ಕಳಾಣೆ.”

“ನನಗೆ ಗೊತ್ತಿದ್ದಿದ್ರೆ...” ಎಂದು ಶುರುಮಾಡಿದಳು. ಗೊತ್ತಿದ್ದಿದ್ದರೆ ಏನು ಮಾಡುತ್ತಿದ್ದಳು? ತೊಡೆಯ ಮೇಲೆ ಗೀಚುತ್ತಿದ್ದ ಆ ಬೆರಳು ನೆನಪಾಯಿತು. ತಾನು ಗದರಿದ್ದು ನೆನಪಾಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು, ನಿನ್ನೆಯಿಂದ ಅಳದಿದ್ದುದನ್ನೆಲ್ಲ ಅತ್ತಳು. ಬಣ್ಣದಕ್ಕ ಅವಳನ್ನು ಮುಟ್ಟಲು ಹೋಗಿ, ಧೈರ್ಯ ಸಾಲದೆ, ಬೆಂಚಿನ ಸಿಮೆಂಟನ್ನೇ ಸವರಿದಳು.

ಸೆರಗಿನಿಂದ ಮುಖ ಒರೆಸಿಕೊಂಡು ಟೀಚರಮ್ಮ ಕೇಳಿದಳು: “ಎಲ್ಲೀವರೆಗೆ ಬಂದಿತ್ತು ಓದು?”

“ಒಂದು ಸುದ್ದಿ ಪೂರ್ತಿ ಓದೋ ಹಾಗಾದ ದಿನ ಮನೇಲಿ ಹೇಳ್ತೀನಿ ಅಂತಿದ್ರು. ಹೋದ ವಾರ ಒಂದು ಅರ್ಧ ಆಗಿತ್ತು.”

“ಯಾವುದು?”

“ಹಳೇ ಸೇತುವೇದು. ರಿಪೇರಿ ಮಾಡ್ತಾರೋ, ಕೆಡವ್ತಾರೋ ಅಂತ.”

“ಏನ್ ಮಾಡ್ತಾರಂತೆ?”

“ಅಷ್ಟು ದೂರ ಬಂದಿರ್ಲಿಲ್ಲ ನಾವು.”

ಟೀಚರಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಬಣ್ಣದಕ್ಕನಿಗೂ ಬಂತು. ಆಚೆ ಬೆಂಚಿನಿಂದ ಗಂಡನ ಅಕ್ಕ ಕಣ್ಣು ಕಿಸಿದು ಇಬ್ಬರನ್ನೂ ನೋಡಿದಳು. ಇವರಿಗೆ ತಲೆ ಕೆಟ್ಟಿರಬೇಕೆಂದುಕೊಂಡು ನೀರಿನ ಬಾಟಲಿ ತಂದಳು.

“ಮೊದಲು ಅವಳಿಗೆ ಕೊಡಿ ಅಕ್ಕಾ,” ಎಂದಳು ಟೀಚರಮ್ಮ. ಆಮೇಲೆ ಬಣ್ಣದಕ್ಕನತ್ತ ತಿರುಗಿ, “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ ನೀನು?” ಎಂದು ಕೇಳಿದಳು.

*

ಹಿಂದಿರುಗುವಾಗ ಗಾಡಿ ಅಂಗಡಿಯ ಬೀದಿಗೆ ಬಂತು. “ಒಂದು ನಿಮಿಷ ನಿಲ್ಸಿ. ನಾನು ಆ ಕೀಬೋರ್ಡ್ ನೋಡ್ಬೇಕು,” ಎಂದಳು ಟೀಚರಮ್ಮ.

ಯಜಮಾನರು ಷಟರನ್ನು ಸೊಂಟದೆತ್ತರ ಎತ್ತಿದರು. ಎಲ್ಲರೂ ಬಗ್ಗಿ ಒಳಗೆ ಹೋದರು. ಟರ್ಪೆಂಟೈನ್ ವಾಸನೆ, ಕಬ್ಬಿಣದ ತಂಪು. ಬಣ್ಣದಕ್ಕ ಕೌಂಟರಿನ ದೀಪ ಹಾಕಿ, ಕಂಪ್ಯೂಟರ್ ಚಾಲೂ ಮಾಡಿ, ಕೀಬೋರ್ಡಿನ ಮೇಲಿನ ಬಟ್ಟೆ ತೆಗೆದಳು.

ಟೀಚರಮ್ಮ ಅವನ ಕುರ್ಚಿಯಲ್ಲಿ ಕೂತಳು. ಚಿತ್ರಗಳು ಸಾಲುಸಾಲಾಗಿದ್ದವು, ಮಕ್ಕಳ ಮೊದಲ ಪಾಠಪುಸ್ತಕದ ಪುಟದಂತೆ. ಮೀಸೆಯೂ ಇತ್ತು. ಹೆಚ್ಚು ಒತ್ತಿಸಿಕೊಂಡ ಮುಚ್ಚಳಗಳು ಮಸುಕಾಗಿದ್ದವು. ಬಲತುದಿಯದು ಎಲ್ಲಕ್ಕಿಂತ ಮಸುಕು. ಬಗ್ಗಿ ನೋಡಿದಳು. ಹುಬ್ಬು ಗಂಟಿಕ್ಕಿದ, ಕನ್ನಡಕ ಮೂಗಿನ ತುದಿಗೆ ಜಾರಿದ ಒಬ್ಬ ಹೆಂಗಸು.

“ಇದ್ಯಾರು?”

ಬಣ್ಣದಕ್ಕ ಯಜಮಾನರ ಮುಖ ನೋಡಿ, ಹಿಂಜರಿದು ಹೇಳಿದಳು: “ಬಿಲ್ ಹಾಕೋಕೆ ಮುಂಚೆ ಕಂಪ್ಯೂಟರು ‘ಸರಿಯಾಗಿ ನೋಡಿದ್ರಾ?’ ಅಂತ ಕೇಳುತ್ತೆ. ಅದಕ್ಕೆ ಹೂಂ ಅನ್ನೋ ಕೀ ಅದು. ‘ಮನೇಲಿ ದಿನಾ ಹೀಗೇ ಕೇಳ್ತಾಳೆ, ಗ್ಯಾಸ್ ಆರಿಸಿದ್ರಾ, ಚಿಲಕ ಹಾಕಿದ್ರಾ ಅಂತ. ಇಲ್ಲಿಗೆ ಅವಳೇ ಸರಿ’ ಅಂದ್ರು. ಮುಖ ಅವರು ಹೇಳ್ದ ಹಾಗೇ ಬರ್ದೆ.”

“ಹುಬ್ಬು ಇಷ್ಟು ಗಂಟಿಕ್ತೀನಾ ನಾನು?”

ಗಂಡನ ಅಕ್ಕ ಹೌದೆಂಬಂತೆ ತಲೆಯಾಡಿಸಿದಳು.

ಷಟರನ್ನು ಯಾರೋ ದಬದಬ ಬಡಿದರು. ತಲೆಯಿಂದ ಪಾದದವರೆಗೆ ನೆನೆದ ಗಂಡಸೊಬ್ಬ ಬಗ್ಗಿ ಒಳಗೆ ಇಣುಕಿದ. “ಬಿಲ್ಲಣ್ಣ ಇದಾರಾ? ಅಡುಗೆಮನೆ ನಲ್ಲಿ ಕಿತ್ಕೊಂಡು ಬಂದುಬಿಡ್ತು ಸ್ವಾಮಿ! ಹೆಂಡ್ತಿ ಬೆರಳಿಟ್ಕೊಂಡು ನಿಂತಿದಾಳೆ!”

“ಇವತ್ತು ಅಂಗಡಿ ಇಲ್ಲಪ್ಪ,” ಎಂದರು ಯಜಮಾನರು. “ಬಿಲ್ಲಣ್ಣನೂ...”

“ಕೊಡ್ರಿ ಅವರಿಗೆ,” ಎಂದಳು ಟೀಚರಮ್ಮ. “ಆಯಮ್ಮ ಎಷ್ಟೊತ್ತು ಅಂತ ನಿಂತಿರ್ತಾಳೆ?”

ಬಣ್ಣದಕ್ಕ ಕಪಾಟಿನಿಂದ ನಲ್ಲಿ ತಂದಿಟ್ಟಳು. ಟೀಚರಮ್ಮ ಸಾಲುಗಳ ಮೇಲೆ ಬೆರಳಾಡಿಸಿ, ಹುಡುಕಿ, ನಲ್ಲಿಯನ್ನು ಒತ್ತಿದಳು. ಕಂಪ್ಯೂಟರು ಬೀಪ್ ಎಂದಿತು. ಪರದೆಯ ಮೇಲೆ ಏನು ಬರೆದಿದೆಯೆಂದು ಅವಳು ನೋಡಲಿಲ್ಲ. ಕನ್ನಡಕದ ಹೆಂಗಸನ್ನು ಒತ್ತಿದಳು. ಪ್ರಿಂಟರು ಗರಗರ ಸದ್ದು ಮಾಡಿ ಬಿಲ್ಲನ್ನು ಹೊರಗೆ ತಳ್ಳಿತು. ಆ ಮನುಷ್ಯ ಅದನ್ನು ಕಿತ್ತುಕೊಂಡು, ನಲ್ಲಿಯನ್ನು ಎದೆಗವಚಿಕೊಂಡು ಓಡಿದ.

ಷಟರ್ ಇಳಿಸಲು ನಡೆದ ಯಜಮಾನರು ಅಲ್ಲೇ ನಿಂತರು. ದೀಪ ಕಂಡು ಬಂದ ಗಿರಾಕಿಗಳಿರಬೇಕು, ಷಟರಿನ ಕೆಳಗಿನ ಬೆಳಕಿನ ಪಟ್ಟಿಯಲ್ಲಿ ಎರಡು ಜೊತೆ ಕಾಲುಗಳು ಬಂದು ನಿಂತಿದ್ದವು. ಒಂದು ಜೊತೆಗೆ ಸಿಮೆಂಟು ಮೆತ್ತಿತ್ತು. ಒಳಗೆ ಬರಲೋ ಬೇಡವೋ ಎಂಬಂತೆ ಅವು ಅತ್ತಿತ್ತ ಹೆಜ್ಜೆ ಬದಲಿಸುತ್ತಿದ್ದವು.

ಟೀಚರಮ್ಮ ಕುರ್ಚಿಯನ್ನು ಕೌಂಟರಿನ ಹತ್ತಿರಕ್ಕೆ ಎಳೆದುಕೊಂಡಳು.