ತೊಳೆದ ಕೈ

ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬಾಗಿಲಿಗೆ ಚಿಲಕ ಹಾಕಿಕೊಂಡು ಮೆಕ್ಯಾನಿಕ್, ಕೋಣೆಯ ಮೂಲೆಯ ಬೇಸಿನ್ನಿನಲ್ಲಿ ಕೈ ತೊಳೆಯಲು ನಿಂತ. ಸ್ಟೂಲಿನ ಮೇಲೆ ಕುಳಿತಿದ್ದ ನರ್ಸ್ ಅವನ ಕೈಯನ್ನೇ ನೋಡುತ್ತಿದ್ದಳು. ನೋಡುವುದಕ್ಕೆಂದೇ ಬಂದಿದ್ದಳು.

ಅವನ ಹೆಂಡತಿಯ ಮೂತ್ರಪಿಂಡಗಳು ಕೈಕೊಟ್ಟು ವರ್ಷವಾಗಿತ್ತು. ಹೊಟ್ಟೆಗೆ ಕೂರಿಸಿದ ಮೆತ್ತನೆಯ ಕೊಳವೆಯಿಂದ ಹಳೆಯ ದ್ರವವನ್ನು ಹೊರಗೆ ಬಸಿದು, ಚೀಲದ ಹೊಸ ದ್ರವವನ್ನು ಒಳಗೆ ಬಿಡಬೇಕು. ದಿನಕ್ಕೆ ನಾಲ್ಕು ಸಲ, ಮನೆಯಲ್ಲೇ. ಗಂಡನಿಗೆ ಅದನ್ನು ಕಲಿಸಿದವಳು ಇದೇ ನರ್ಸ್. ಚಾಚೂ ತಪ್ಪದೆ ಕಲಿತಿದ್ದ. ಆದರೂ ಕಳೆದ ತಿಂಗಳು ಹೊಟ್ಟೆಯೊಳಗೆ ಸೋಂಕಾಗಿ, ಅವಳು ಆಸ್ಪತ್ರೆಯಲ್ಲಿ ಹಲ್ಲುಕಚ್ಚಿಕೊಂಡು ಮಲಗಿದ್ದಳು. ಇನ್ನೊಮ್ಮೆ ಹಾಗಾದರೆ ಕೊಳವೆ ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಆಮೇಲೆ ರಕ್ತ ಶುದ್ಧಿ ಮಾಡಿಸಲು ವಾರಕ್ಕೆ ಮೂರು ದಿನ ಆಸ್ಪತ್ರೆಯೇ ಗತಿ. ಅವಳ ಹೊಲಿಗೆ ಮೆಷಿನ್ನು ಮೂಲೆ ಸೇರಿದ ಹಾಗೇ.

ಬೆರಳ ಸಂದಿ, ಉಗುರು, ಮಣಿಕಟ್ಟು. ಗ್ರೀಸಿನ ಕಪ್ಪು ಅಂಗೈಯ ಗೆರೆಗಳಲ್ಲಿ ಉಳಿದೇ ಇತ್ತು. ಅದು ಕೊಳೆಯಲ್ಲ, ಕಸುಬಿನ ಹಚ್ಚೆ.

"ಇವರು ತೊಳೆಯೋ ರಭಸಕ್ಕೆ ಸೋಪಿನಂಗಡಿಯವನು ಮಹಡಿ ಎಬ್ಬಿಸಿದ," ಎಂದಳು ಮಂಚದ ಮೇಲಿದ್ದ ಹೆಂಡತಿ, ಮಾಸ್ಕಿನ ಹಿಂದಿನಿಂದ.

"ಡೀಸೆಲ್ ಪಂಪ್ ಬಿಚ್ಚಿದಾಗ ಒಂದು ಚೂರು ಧೂಳು ಬಿದ್ರೆ ಇಂಜಿನ್ ಕತೆ ಮುಗೀತು, ಸಿಸ್ಟರ್. ನನಗೆ ಗೊತ್ತಿಲ್ವಾ?"

ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಮಗಾ, ಆಯ್ತೇನೋ? ಟೀ ತಂದಿದ್ದೀನಿ." ಅವನ ತಾಯಿ.

"ಈಗ ಬೇಡಮ್ಮಾ."

ಮತ್ತೆ ಬಡಿತ. ಅವನು ಚಿಲಕ ತೆಗೆದು, ತಲೆಯಷ್ಟೇ ಹೊರಗೆ ಹಾಕಿ, "ಆಮೇಲೆ ಬಾ" ಎಂದು, ಚಿಲಕ ಹಾಕಿ ಬಂದು ಕೊಳವೆಯ ಮುಚ್ಚಳದತ್ತ ಕೈ ಚಾಚಿದ.

"ನಿಲ್ಲಿಸಿ," ಎಂದಳು ನರ್ಸ್.

"ಏನೂ ಮುಟ್ಟಿಲ್ವಲ್ಲ ಸಿಸ್ಟರ್?"

"ಚಿಲಕ."

ಅವನು ಬಾಗಿಲು ನೋಡಿದ, ಅಂಗೈ ನೋಡಿಕೊಂಡ, ಮಂಚದ ತುದಿಯಲ್ಲಿ ಕುಸಿದು ಕೂತ. "ದಿನಾ ಹೀಗೇ..."

"ನೀವು ನೋಡಿರಲಿಲ್ವಾ?" ನರ್ಸ್ ಹೆಂಡತಿಯನ್ನು ಕೇಳಿದಳು.

"ನೋಡಿದ್ದೆ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?" ಗಂಡನ ದನಿ ಏರಿತು.

"ಹೇಳಿದ್ರೆ ನೀವು ಅತ್ತೆ ಮೇಲೆ ರೇಗ್ತೀರಿ. ನಾನು ಮಲಗಿದಾಗಿಂದ ಅವರೇ ಅಡುಗೆ, ಅವರೇ ಬಟ್ಟೆ. ಕೊನೆಗೆ ಸೋಂಕಿಗೂ ಅವರೇ ಕಾರಣ ಅನ್ನಲಾ?"

ಹೊರಗೆ ಲೋಟವನ್ನು ನೆಲದ ಮೇಲಿಟ್ಟ ಸದ್ದು. ನರ್ಸ್ ಎದ್ದು ಬಾಗಿಲು ತೆಗೆದಳು. ಮುದುಕಿ ಹೋಗಿರಲಿಲ್ಲ.

"ನನ್ನಿಂದಲೇನಮ್ಮಾ?"

"ಬಾಗಿಲಿಂದ. ಯಾಕಮ್ಮ ಪ್ರತಿ ಸಲ ಬಡೀತೀರಿ?"

"ನಮ್ಮ ಯಜಮಾನರನ್ನೂ ಆಸ್ಪತ್ರೇಲಿ ಹೀಗೇ ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ್ರು. ಹೊರಗೆ ಕೂತಿರಿ ಅಂದ್ರು. ಕೂತೇ ಇದ್ದೆ."

ಕೋಣೆಯಲ್ಲಿ ಜನ ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ಮನೆಮನೆಗೂ ಹೇಳಿಕೊಂಡು ಬಂದವಳು ನರ್ಸ್. ಆದರೂ ಹೊರಗೆ ನಿಂತು ಬಡಿಯುವವರಿಗಿಂತ ಒಳಗೆ ಸುಮ್ಮನೆ ಕೂರುವವರು ವಾಸಿ. ಕೈಚೀಲದಿಂದ ಒಂದು ಮಾಸ್ಕ್ ತೆಗೆದು ತಾನೇ ಮುದುಕಿಗೆ ಕಟ್ಟಿ, ತನ್ನ ಸ್ಟೂಲು ಬಿಟ್ಟುಕೊಟ್ಟಳು.

"ಇವರು ಕೈ ತೊಳೆಯೋಕೆ ಮೊದಲೇ ಬಂದು ಕೂತ್ಬಿಡಿ. ಏಳೋ ಹಾಗಿಲ್ಲ, ಮಾತಾಡೋ ಹಾಗಿಲ್ಲ."

ಮತ್ತೆ ಚಿಲಕ ಬಿತ್ತು. ಮೆಕ್ಯಾನಿಕ್ ಮೊದಲಿನಿಂದ ತೊಳೆದ. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಮುಚ್ಚಳ ತೆಗೆದು ಕೊಳವೆ ಜೋಡಿಸುವಾಗ ಅವನ ಹಣೆಯಲ್ಲಿ ಬೆವರು ಮೂಡಿತ್ತು. ನೆಲದ ಮೇಲಿನ ಖಾಲಿ ಚೀಲಕ್ಕೆ ಹಳೆಯ ದ್ರವ ಇಳಿಯತೊಡಗಿತು. ಮುದುಕಿ ಮಡಿಲಲ್ಲಿ ಕೈ ಕಟ್ಟಿಕೊಂಡು ಸೊಸೆಯ ಮುಖವನ್ನೇ ನೋಡುತ್ತಿದ್ದಳು.

ಹೊಸ ದ್ರವ ಒಳಗೆ ಹೋಗಿ, ಕೊಳವೆಗೆ ಮತ್ತೆ ಮುಚ್ಚಳ ಬಿದ್ದ ಮೇಲೆ, ನರ್ಸ್ ತುಂಬಿದ ಚೀಲದಡಿ ಒಂದು ಹಳೆ ಪತ್ರಿಕೆ ಸರಿಸಿದಳು.

"ಇದರ ಮೂಲಕ ಅಕ್ಷರ ಕಂಡರೆ ತಿಳಿಯಾಗಿದೆ ಅಂತ ಅರ್ಥ. ಮಬ್ಬಾಗಿದ್ರೆ ಮತ್ತೆ ಸೋಂಕು, ತಕ್ಷಣ ನನಗೆ ಫೋನ್ ಮಾಡಬೇಕು. ಇನ್ಮೇಲೆ ಇದು ನಿಮ್ಮ ಕೆಲಸ, ಅಮ್ಮ. ಓದಿ."

ಮಾತಾಡಬಹುದೇ ಎಂಬಂತೆ ಮುದುಕಿ ಸೊಸೆಯ ಕಡೆ ನೋಡಿದಳು. ಆಮೇಲೆ ಕೈ ಮಡಿಲಿನಿಂದ ತೆಗೆಯದೆಯೇ ಬಗ್ಗಿದಳು.

"ಮನೆ... ಬಾಡಿಗೆಗೆ... ಇದೆ."

"ಮುಂದೆ?" ಎಂದಳು ಸೊಸೆ.

"ಎರಡು ಕೋಣೆ... ಗಾಳಿ ಬೆಳಕು..." ಮುದುಕಿ ಇನ್ನಷ್ಟು ಬಗ್ಗಿದಳು. ಚೀಲದ ಅಂಚಿನ ಮಡಿಕೆಯ ಹತ್ತಿರ ಕೊನೆಯ ಸಾಲು ಓರೆಯಾಗಿ, ದೊಡ್ಡದಾಗಿ, ಆದರೆ ಸ್ಪಷ್ಟವಾಗಿ ಕಾಣುತ್ತಿತ್ತು.