ಬಳ್ಳಿ ಎಳೆದ ಕೈ

“ಏನ್ರೀ, ಒಳಗೆ ಚಿನ್ನ ಕರಗಿಸ್ತಾ ಇದೀರಾ? ಬಾಗಿಲು ತೆಗೀರಿ!”

“ಸೋಡಾ ಘಾಟು ಕಣೇ, ಕಣ್ಣು ಉರಿಯುತ್ತೆ. ಆಚೆನೇ ಇರು.”

ಘಾಟು ಆಗಲೇ ಕಿಟಕಿಯಿಂದ ಹೊರಗೆ ಹೋಗಿಯಾಗಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ, ಕಾಗದ ಹಾಸಿದ ಅಗಲವಾದ ಮರದ ಅಚ್ಚಿನಲ್ಲಿ ಸೋಪಿನ ಪಾಕ ಗಂಜಿಯಷ್ಟು ದಪ್ಪವಾಗಿ ನಿಂತಿತ್ತು. ಬಿಳಿಯ ಮೇಲೆ ಸಾಲಾಗಿ ಹಸಿರು, ಕೆಂಪು ಗೆರೆಗಳನ್ನು ಸುರಿದಾಗಿತ್ತು. ಇನ್ನು ಕಡ್ಡಿ ಅದ್ದಿ ಅಡ್ಡಡ್ಡ ಎಳೆದು ಬಳ್ಳಿ ಮೂಡಿಸಬೇಕು, ಅದೂ ಪಾಕ ಬಿಗಿಯುವ ಮೊದಲೇ. ಕಡ್ಡಿ ಹಿಡಿದ ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

ಕ್ಷೌರದಂಗಡಿಯ ಗಿರಾಕಿಗಳೆಲ್ಲ ಅವನನ್ನು ಬೆಣ್ಣೆ ಎಂದೇ ಕರೆಯುವುದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಡ್ಡ ತೆಗೆಯುವ ಕೈ ಅಂತ. ಅವನ ಕುರ್ಚಿಯಲ್ಲಿ ಕೂತವರು ಕತ್ತಿ ಕುತ್ತಿಗೆಯ ಮೇಲಿದ್ದಾಗಲೇ ಗೊರಕೆ ಹೊಡೆಯುತ್ತಿದ್ದರು, ನೋಡಿ, ಅಂಥ ನಂಬಿಕೆ! ವರ್ಷದ ಕೊನೆಯ ರಜೆ ಬಂತೆಂದರೆ ಖಾಯಂ ಗಿರಾಕಿಗಳಿಗೆಲ್ಲ ಮನೆಯಲ್ಲೇ ಮಾಡಿದ ಬಳ್ಳಿ ಸೋಪು ಕೊಡುತ್ತಿದ್ದ. “ತೊಳ್ಕೊಳೋಕೆ ಮನಸ್ಸೇ ಬರಲ್ಲ ಕಣಯ್ಯಾ” ಎಂದು ಅವರು ಮೂಸುತ್ತಾ ಹೋಗುತ್ತಿದ್ದರು.

ನಡುಕ ಶುರುವಾಗಿ ಎರಡು ತಿಂಗಳಾಗಿತ್ತು. ಟೀ ಜಾಸ್ತಿಯಾಯಿತೇನೋ ಎಂದು ಟೀ ಬಿಟ್ಟ. ನಿದ್ದೆ ಸಾಲದೇನೋ ಎಂದು ಬೇಗ ಮಲಗಿದ. ಏನೂ ಗಿಟ್ಟಲಿಲ್ಲ. “ಈಗೆಲ್ಲಾ ಮೆಷೀನ್ ಕಾಲ ಸಾರ್” ಎಂದು ಬಂದವರಿಗೆಲ್ಲ ಟ್ರಿಮ್ಮರ್ ಹಚ್ಚತೊಡಗಿದ. ಆದರೂ ಹೋದ ವಾರ ಪೋಸ್ಟ್ ಮಾಸ್ಟರು ಹಟ ಹಿಡಿದು ಕತ್ತಿಯನ್ನೇ ಕೇಳಿದರು. ಅವರ ಕಿವಿಯ ಕೆಳಗೆ ಸಣ್ಣಗೆ ಗೀರಿ ರಕ್ತ ಜಿನುಗಿತು. ಅವನು ಪಟಿಕದ ತುಂಡು ಒತ್ತಿ, “ಮೊಡವೆ ಇತ್ತು ಸಾರ್” ಅಂದ. ಅವರು ಹೌದೇನೋ ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಕತ್ತಿ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ, ಅದೊಂದು ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ ಒಂದಿತ್ತು: ಯಾವುದೋ ಒಂದು ಬೆಳಿಗ್ಗೆ, ಯಾರದೋ ಕುತ್ತಿಗೆ. ಅದನ್ನು ಅವನು ಪೂರ್ತಿ ಯೋಚಿಸಲು ಹೋಗುತ್ತಿರಲಿಲ್ಲ.

ಸೋಪು ಮಾಡದೆ ಇರೋಣವೆಂದರೆ ಹೆಂಡತಿ ಯಾಕೆ, ಏನು ಎಂದು ಜೀವ ತಿನ್ನುತ್ತಾಳೆ. ಮೊಣಕೈಯನ್ನು ಕಟ್ಟೆಗೆ ಊರಿ, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ಎಳೆದ. ಬಳ್ಳಿಯ ಅಂಚಿನ ತುಂಬ ಗರಗಸದ ಹಲ್ಲು ಮೂಡಿತು. ಸರಿಪಡಿಸಲು ಹೋದರೆ ಇನ್ನಷ್ಟು ಹಲ್ಲು. ಅಯ್ಯೋ ದೇವರೇ ಎಂದುಕೊಂಡು ಅಚ್ಚಿನ ಮೇಲೆ ಹಲಗೆ ಮುಚ್ಚಿ, ಕಂಬಳಿ ಸುತ್ತಿ, ಬಾಗಿಲು ತೆಗೆದ.

“ಇದೇನು, ಹೀಗೆ ಬೆವತಿದೀರಾ?”

“ಒಲೆ ಶಾಖ ಕಣೇ.”

ಅವಳು ಒಲೆಯತ್ತ ನೋಡಿದಳು. ಅದು ಆರಿ ಎಷ್ಟೋ ಹೊತ್ತಾಗಿತ್ತು.

ಅಚ್ಚನ್ನು ಬೀಳಿಸಿಬಿಟ್ಟರೆ ಹೇಗೆ ಎಂದೂ ಅವನು ಯೋಚಿಸಿದ. ಕೈತಪ್ಪಿ ಬಿತ್ತು ಅಂದರಾಯಿತು. ಆದರೆ ಹಾಗಂದರೂ ಮಾತು ಮತ್ತೆ ಕೈಯ ಹತ್ತಿರವೇ ಬಂದು ನಿಲ್ಲುತ್ತದಲ್ಲ! ಸುಮ್ಮನಾದ.

ಬಳ್ಳಿ ಎಳೆಯುವುದು ಅವನು, ಕತ್ತರಿಸುವುದು ಅವಳು, ಇದು ಮದುವೆಯಾದ ಹೊಸದರಿಂದ ನಡೆದುಬಂದದ್ದು. ಮಾರನೆಯ ದಿನ ಸೋಪು ಗಟ್ಟಿಯಾಗಿ, ಮೇಲೆ ಬೂದಿಯಂಥ ಬಿಳಿ ಪುಡಿ ಕಟ್ಟಿತ್ತು. ಅವಳು ಬಿಗಿಯಾದ ತಂತಿಯಿಂದ ಮೇಲ್ಪದರ ಹೆರೆಯುತ್ತಾ ಬಂದಂತೆ ಬಣ್ಣ ಬಿಚ್ಚಿಕೊಂಡಿತು. ಅಷ್ಟರಲ್ಲಿ ಅವಳ ತಮ್ಮ ಬಂದ. ಅವನು ಬಸ್ ಕಂಡಕ್ಟರ್. ಮನೆಯೊಳಗೂ ಬಸ್ಸಿನಲ್ಲಿ ಕೂಗುವಷ್ಟೇ ಜೋರಾಗಿ ಮಾತಾಡುವ ಆಸಾಮಿ.

“ಅಬ್ಬಬ್ಬಾ! ಏನ್ ಭಾವ ಇದು, ಹಕ್ಕಿ ಪುಕ್ಕದ ಥರ ಎಳೆ ಎಳೆ ಬಂದಿದೆ! ಹೊಸ ಡಿಸೈನಾ?”

“ಹ್ಞೂ, ಹೊಸದು” ಎಂದ ಬೆಣ್ಣೆ, ಹೋದ ಜೀವ ವಾಪಸ್ಸು ಬಂದವನ ಹಾಗೆ.

“ನಂಗೆ ಎರಡು ಬೇಕು, ಈಗಲೇ ಹೇಳಿದೀನಿ. ಅಕ್ಕಾ, ನೋಡೇ, ನಿನ್ನ ಗಂಡ ಮುದುಕ ಆಗ್ತಾ ಆಗ್ತಾ ಕಲೆಗಾರ ಆಗ್ಬಿಟ್ಟ!”

ಅಕ್ಕ ನಗಲಿಲ್ಲ. ಕತ್ತರಿಸಿದ ಒಂದು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಚೆನ್ನಾಗಿದೆ” ಎಂದು ಒಳಗೆ ಹೋದಳು.

“ಭಾವ, ಹೇಗೂ ಬಂದಿದೀನಿ, ಈ ಗಡ್ಡ ಒಂದು ತೆಗೆದುಬಿಡಿ. ನಂಗೆ ಮೆಷೀನು ಗಿಷೀನು ಬೇಡಪ್ಪಾ. ಕತ್ತೀನೇ ಆಗ್ಬೇಕು.”

“ಇವತ್ತು ಅಂಗಡಿ ರಜಾ ಕಣೋ.”

“ಅಂಗಡಿಗೆ ರಜಾ, ಭಾವನಿಗೆ ಎಲ್ಲಿಯ ರಜಾ?” ಎಂದು ಅವನೇ ಜಗಲಿಗೆ ಕುರ್ಚಿ ಎಳೆದು, ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತ. ತಪ್ಪಿಸಿಕೊಳ್ಳಲು ಬೆಣ್ಣೆಯ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ. ಬ್ರಷ್ ತಂದು ನೊರೆ ಹಚ್ಚಿದ. ಬ್ರಷ್ಷಿನ ಕೆಲಸ ಸಲೀಸು. ಸುತ್ತಿಸುವ ಕೈಯಲ್ಲಿ ನಡುಕ ಯಾರಿಗೆ ತಿಳಿಯುತ್ತದೆ? ಆಮೇಲೆ ಕತ್ತಿ ಬಿಚ್ಚಿದ. ಭಾವಮೈದ ಕಣ್ಣು ಮುಚ್ಚಿ ಕತ್ತು ಹಿಂದಕ್ಕೆ ಚೆಲ್ಲಿದ.

“ರೀ, ಒಂದು ನಿಮಿಷ ಇಲ್ಲಿ ಬನ್ನಿ” ಎಂದು ಒಳಗಿನಿಂದ ಹೆಂಡತಿ ಕರೆದಳು.

ಕೋಣೆಯಲ್ಲಿ ಕಪಾಟು ತೆರೆದಿತ್ತು. ಮಂಚದ ಮೇಲೆ ಸಾಲಾಗಿ ಸೋಪುಗಳು. ವರ್ಷಕ್ಕೊಂದರಂತೆ ಬಟ್ಟೆಯ ಮಡಿಕೆಗಳ ನಡುವೆ ಪರಿಮಳಕ್ಕೆಂದು ಅವಳು ಇಟ್ಟುಕೊಂಡವು. ಅವನಿಗೆ ಇದು ಗೊತ್ತೇ ಇರಲಿಲ್ಲ. ಹಳೆಯವು ಬಣ್ಣ ಮಾಸಿ ಸುಕ್ಕಾಗಿದ್ದವು, ಆದರೆ ಬಳ್ಳಿ ಮಾತ್ರ ನೀರು ಹರಿದಷ್ಟು ನುಣುಪು.

“ಯಾವಾಗಿಂದ?” ಎಂದಳು.

ಸುಳ್ಳು ಈಗಲೂ ಬರಲಿಲ್ಲ. “ಎರಡು ತಿಂಗಳಾಯ್ತು.”

ಅವಳು ಅಲ್ಲವೆಂದು ತಲೆ ಅಲ್ಲಾಡಿಸಿ, ಸಾಲಿನ ಕೊನೆಯ ಸೋಪನ್ನು ಅವನ ಅಂಗೈಯಲ್ಲಿಟ್ಟಳು. “ಇದು ಹೋದ ವರ್ಷದ್ದು.”

ಅವನು ಬೆಳಕಿಗೆ ಹಿಡಿದ. ಹಸಿರು ಬಳ್ಳಿಯ ಅಂಚಿನಲ್ಲಿ ಹಲ್ಲುಗಳಿದ್ದವು. ಸಣ್ಣವು, ಆದರೂ ಅವೇ. ಹೆಬ್ಬೆರಳಿನಿಂದ ಉಜ್ಜಿದ. ಹೋಗಲಿಲ್ಲ.

“ನಂಗೆ ಆಗಲೇ ಕಂಡಿತ್ತು” ಎಂದಳು. “ಕಡ್ಡಿ ಸೀಳಿರಬೇಕು ಅಂದ್ಕೊಂಡೆ. ಹಾಗಂದ್ಕೊಳ್ಳೋದೇ ಸುಲಭ ಇತ್ತು.”

ಹೋದ ವರ್ಷ! ಅಲ್ಲಿಂದ ಇಲ್ಲಿಯವರೆಗೆ ಕುರ್ಚಿಯಲ್ಲಿ ಕೂತವರೆಲ್ಲ ಕಣ್ಣ ಮುಂದೆ ಬಂದರು. ಮದುವೆಯ ಹಿಂದಿನ ದಿನ ಬಂದಿದ್ದ ಹುಡುಗ. ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎಳೆದು ಹಿಡಿದು ಹೆರೆಯಬೇಕಾಗಿದ್ದ ನಿವೃತ್ತ ಮೇಷ್ಟರು. ಗೊರಕೆ ಹೊಡೆದವರು. ಅವನು ಮಂಚದ ಅಂಚಿನಲ್ಲಿ ಕೂತ. “ಅಷ್ಟೂ ಜನರ ಕುತ್ತಿಗೆ ಕಣೇ…” ಎಂದ.

“ಭಾವಾ, ನೊರೆ ಒಣಗ್ತಾ ಇದೆ!” ಜಗಲಿಯಿಂದ ಕೂಗು ಬಂತು.

ಬಿಚ್ಚಿದ ಕತ್ತಿ ಇನ್ನೂ ಅವನ ಕೈಯಲ್ಲೇ ಇತ್ತು. ಮಡಚಲು ನೋಡಿದ; ಅಲಗು ಹಿಡಿಯ ಸಂದಿಗೆ ಸಿಗದೆ ಜಾರಿತು. ಮತ್ತೊಮ್ಮೆ ನೋಡಿದ. ಅವಳು ಕೈ ಚಾಚಲಿಲ್ಲ, ಅವನೇ ಮಡಚುವವರೆಗೂ ಕಾದಳು. ಆಮೇಲೆ ಬಚ್ಚಲಿಗೆ ಹೋಗಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿಕೊಂಡು ಜಗಲಿಗೆ ನಡೆದಳು.

ತಮ್ಮ ಕಣ್ಣು ಮುಚ್ಚಿ, ಗಂಟಲು ಮೇಲೆತ್ತಿ ಹಾಗೇ ಕೂತಿದ್ದ. ಬಿಸಿ ಬಟ್ಟೆ ತಾಗಿದ್ದೇ ಬೆಚ್ಚಿದ.

“ಇದೇನೇ ಅಕ್ಕಾ? ಭಾವ ಎಲ್ಲಿ?”

“ಸುಮ್ನೆ ಕೂತ್ಕೋ, ಅಲ್ಲಾಡಬೇಡ” ಎಂದಳು. ಕಿವಿಯ ಕೆಳಗಿನಿಂದ ಹಿಡಿದು, ಒಣಗಿದ ನೊರೆಯನ್ನು ಸ್ವಲ್ಪ ಸ್ವಲ್ಪವೇ ಒರೆಸುತ್ತಾ ಗಂಟಲಿನವರೆಗೂ ಬಂದಳು.